ಪಪ್ಪನ ಲೆನ್ಸು

ಇರ್ವಿನ್‌ನ ಹೊಸ ಮಿರರ್‌ಲೆಸ್ ಕ್ಯಾಮೆರಾ ಶವಪೆಟ್ಟಿಗೆಯ ಸುತ್ತ ನಿಂತ ಹನ್ನೊಂದು ಮುಖಗಳನ್ನೂ ತಾನಾಗಿ ಹುಡುಕಿ ಪರದೆಯಲ್ಲಿ ಚೌಕ ಹಾಕಿತು; ಒಳಗೆ ಕಣ್ಣು ಮುಚ್ಚಿ ಮಲಗಿದ್ದ ಪಪ್ಪನನ್ನು ಮಾತ್ರ ಕಣ್ಣೆತ್ತಿಯೂ ನೋಡಲಿಲ್ಲ.

"ಬೇಗ ತೆಗಿ ಮಾರಾಯ, ಪೆಟ್ಟಿಗೆ ಮುಚ್ಚಲಿಕ್ಕುಂಟು," ಎಂದರು ಮಾವ.

ಬಂದರ್‌ನಲ್ಲಿ ನಲವತ್ತು ವರ್ಷ ಊರವರ ಮದುವೆ, ಮರಣಗಳ ಫೋಟೋ ತೆಗೆದ ಪಪ್ಪನದೇ ಒಂದು ನೆಟ್ಟಗಿನ ಫೋಟೋ ಮನೆಯಲ್ಲಿರಲಿಲ್ಲ. ಯಾರಾದರೂ ಕ್ಯಾಮೆರಾ ಅವರತ್ತ ತಿರುಗಿಸಿದರೆ ಸಾಕು, ಪಾದ್ರಿಯ ಹಾಗೆ ಗಲ್ಲ ಉಬ್ಬಿಸಿಯೋ, ಇದೇ ಮಾವನ ಹಾಗೆ ಮೂಗು ಉಜ್ಜಿಯೋ ಕೆಡಿಸಿಬಿಡುತ್ತಿದ್ದರು. ಇರ್ವಿನ್ ಹೊಸ ಲೆನ್ಸು ಕಳಚಿ, ಅಡಾಪ್ಟರ್ ಕೂರಿಸಿ, ಪಪ್ಪನ ಹಳೆಯ ಲೆನ್ಸು ಹಾಕಿದ. ಅದಕ್ಕೆ ಮುಖ ಹುಡುಕಲು ಬಾರದು. ಯಾರು ಸ್ಪಷ್ಟವಾಗಬೇಕೆಂದು ಕೈಯೇ ಹೇಳಬೇಕು. ಪಪ್ಪನ ಬೆರಳು ಸವೆಸಿದ ಲೆನ್ಸಿನ ಫೋಕಸ್ ಉಂಗುರವನ್ನು ಮೆಲ್ಲನೆ ತಿರುವಿದ. ಮುಚ್ಚಿದ ಕಣ್ಣಿನ ರೆಪ್ಪೆಗೂದಲು ಒಂದೊಂದಾಗಿ ಮೂಡಿದವು. ಒತ್ತಿದ.

ಮಮ್ಮಿ ಬಂದು ಪರದೆಗೆ ಬಾಗಿದರು.

"ನೀವೆಲ್ಲ ಮಸುಕಾಗಿದ್ದೀರಿ ಮಮ್ಮಿ. ಇನ್ನೊಂದು ತೆಗೀತೇನೆ."

"ಬೇಡ ಪುತಾ," ಎಂದರು ಅವರು, ಪರದೆಯಿಂದ ಕಣ್ಣು ಕೀಳದೆ. "ನಮ್ಮದು ಇನ್ನು ಯಾವಾಗ ಬೇಕಾದರೂ ತೆಗೀಬಹುದು."