ಮಣ್ಣೊಳಗಿನ ಅರ್ಧ

"ಏಯ್, ಅದನ್ನ ಮುಟ್ಟಬೇಡ!" ಎಂದು ಸ್ಮಾರಕ ಸಮಿತಿಯ ಅಧ್ಯಕ್ಷರು ಗೇಟಿನಿಂದಲೇ ಕೂಗಿದರು. ಕಲ್ಲುಕೆಲಸದವಳು ಆಗಲೇ ಗೋರಿಯ ಮುಂದೆ ಮೊಣಕಾಲೂರಿ, ತಲೆಯ ಕಡೆ ನೆಟ್ಟಿದ್ದ ಹಳೆಯ ಕಲ್ಲಿನ ಅಗಲವನ್ನು ಗೇಣಿನಿಂದ ಅಳೆಯುತ್ತಿದ್ದಳು.

"ಮುಟ್ಟಿದ್ರೆ ಸವೆಯೋ ಕಲ್ಲಲ್ಲ ಬಿಡಿ," ಎಂದಳು ತಿರುಗದೆ.

ಗಡಿಯಲ್ಲಿ ದಂಗೆ ಎಬ್ಬಿಸಿ ಸತ್ತ ನಾಯಕನ ಗೋರಿ ಅದು. ಅಧ್ಯಕ್ಷರು ಅವನ ಮರಿಮಗ. ಕಲ್ಲಿನ ಮೇಲೆ ಹೆಸರಿರಲಿಲ್ಲ, ಹೆಸರಿದ್ದ ಜಾಗದಲ್ಲಿ ಉಳಿಯ ಗಾಯಗಳಿದ್ದವು. ದಂಗೆ ಅಡಗಿದ ಮೇಲೆ ಕಲ್ಲನ್ನು ಕಿತ್ತು, ಹೆಸರನ್ನು ಕೆತ್ತಿ ತೆಗೆದು, ಮತ್ತೆ ನೆಡಬೇಕೆಂದು ಆಳುವವರಿಂದ ಅಪ್ಪಣೆಯಾಗಿತ್ತು. ಹಾಗೆ ಮಾಡಿದವನು ಇವಳ ಮುತ್ತಜ್ಜ. ಅಂದಿನಿಂದ ಅವರದು 'ಅಳಿಸಿದವರ ಮನೆ'. ಮೆಟ್ಟಿಲು, ಹೊಸ್ತಿಲು ಕೆತ್ತಲು ಜನ ಅವರನ್ನು ಕರೆಯುತ್ತಿದ್ದರು; ಗೋರಿಗಲ್ಲಿಗೆ ಮಾತ್ರ ಯಾರೂ ಕರೆದವರಿಲ್ಲ. ಇಂದು ನೆಡಬೇಕಾದ ಹೊಸ ಕಲ್ಲೂ ಬೇರೆ ಊರಿನಿಂದ ಬಂದು ಲಾರಿಯಲ್ಲಿ ಮಲಗಿತ್ತು.

"ಬಾರಮ್ಮ, ಕರೆಯದೆ ಬಂದಿದ್ದೀವಿ. ಉಗಿಸಿಕೊಳ್ಳೋಕೆ ಮುಂಚೆ ಹೋಗೋಣ," ಎಂದು ಅವಳ ಚಿಕ್ಕಪ್ಪ ಹಿಂದಿನಿಂದ ಪಿಸುಗುಟ್ಟಿದ.

"ನಾಲ್ಕು ತಲೆಮಾರಿಂದ ಉಗಿಸಿಕೊಂಡಿದ್ದೀವಿ ಚಿಕ್ಕಪ್ಪ, ಇನ್ನರ್ಧ ಗಂಟೆ ತಡ್ಕೊ." ಅವಳು ಎದ್ದು ಅಧ್ಯಕ್ಷರ ಕಡೆ ತಿರುಗಿದಳು. "ಗೋರಿಗಲ್ಲು ಅಂದ್ರೆ ಮೂರರಲ್ಲಿ ಒಂದು ಪಾಲು ಮಣ್ಣೊಳಗೆ, ಎರಡು ಪಾಲು ಮೇಲೆ. ಈ ಅಗಲಕ್ಕೆ ಇದು ಎದೆಮಟ್ಟ ನಿಲ್ಲಬೇಕಿತ್ತು. ಸೊಂಟಕ್ಕೂ ಬಂದಿಲ್ಲ, ನೋಡಿ."

"ಮಾಡಿದ ಕೆಲಸಕ್ಕೆ ನಾಚಿಕೊಂಡು ಆಳಕ್ಕೆ ಹೂತಿರಬೇಕು, ನಿಮ್ಮ ಮುತ್ತಜ್ಜ."

"ಸರಿ, ಅಗೆಸಿ ನೋಡೋಣ."

"ಏನೂ ಸಿಗದಿದ್ರೆ?"

"ನಮ್ಮ ಬಾಗಿಲ ಮೇಲೆ ನಾನೇ ಕೆತ್ತಿ ಹಾಕ್ತೀನಿ, ಅಳಿಸಿದವರ ಮನೆ ಅಂತ. ಒಳ್ಳೆ ದಪ್ಪ ಅಕ್ಷರದಲ್ಲಿ."

ಹೇಗೂ ಕೀಳಬೇಕಾದ ಕಲ್ಲು. ಅಧ್ಯಕ್ಷರು ಆಳುಗಳಿಗೆ ಸನ್ನೆ ಮಾಡಿದರು. ಮೊಳದಷ್ಟು ಅಗೆದ ಮೇಲೆ ಅವಳು ಗುಂಡಿಗಿಳಿದು, ಕಲ್ಲಿಗೆ ಅಂಟಿದ ಮಣ್ಣಿನೊಳಗೆ ಅಂಗೈ ತೂರಿಸಿ, ಕಣ್ಣು ಮುಚ್ಚಿ ಸವರಿದಳು. "ಚಿಕ್ಕಪ್ಪ, ಬಾ ಇಲ್ಲಿ. ಕೈ ಇಡು."

ಚಿಕ್ಕಪ್ಪ ಕೈ ಇಟ್ಟ. ಅಲ್ಲಿಯವರೆಗೆ ಅಳುಕುತ್ತಿದ್ದವನ ದನಿ ಒಮ್ಮೆಲೇ ಏರಿತು. "ನಯ ಮಾಡಿದ್ದಾನಲ್ಲೇ! ಮಣ್ಣಿಗೆ ಹೋಗೋ ಭಾಗಾನ ಯಾವ ಹುಚ್ಚ ನಯ ಮಾಡ್ತಾನೆ?"

ಕಲ್ಲನ್ನು ಮೇಲೆತ್ತಿ ಹುಲ್ಲಿನ ಮೇಲೆ ಮಲಗಿಸಿದರು. ಅವಳು ಎರಡು ಬಿಂದಿಗೆ ನೀರು ಸುರಿದಳು. ಕೆಸರು ಹರಿದುಹೋದಂತೆ ಅಕ್ಷರಗಳು ಒಂದೊಂದಾಗಿ ಕಣ್ಣು ಬಿಟ್ಟವು. ಮಳೆ ಬಿಸಿಲು ಕಾಣದ ಅಕ್ಷರಗಳು. ನಿನ್ನೆ ಕೆತ್ತಿದಷ್ಟು ಚೂಪು.

ಅಧ್ಯಕ್ಷರು ಕತ್ತು ವಾಲಿಸಿದರು. "ಇದೇನು, ತಲೆಕೆಳಗಾಗಿ ಕೆತ್ತಿದ್ದಾನೆ?"

"ಗಾಯ ಇರೋ ತುದಿಗೆ ಹೋಗಿ ನಿಂತು ಓದಿ."

ಅವರು ಸುತ್ತು ಹಾಕಿ ಆ ತುದಿಗೆ ಹೋಗಿ ನಿಂತರು. ಮೊದಲು ತಮ್ಮ ಮುತ್ತಜ್ಜನ ಹೆಸರನ್ನು ಓದಿದರು. ಆಮೇಲೆ ಕೆಳಗಿನ ಸಾಲನ್ನು, ಅಕ್ಷರ ಕೂಡಿಸುವವರಂತೆ ತಡೆತಡೆದು: "ಇವನು ಬಾಗಲಿಲ್ಲ." ಸಾವಿರ ಸಭೆಗಳಲ್ಲಿ ಹೇಳಿದ ಹೆಸರನ್ನು ಅವರು ಕಲ್ಲಿನ ಮೇಲೆ ಓದಿದ್ದು ಇದೇ ಮೊದಲು.

"ಒಂದಲ್ಲ ಒಂದು ದಿನ ಇದನ್ನ ಬುಡಮೇಲಾಗಿ ತಿರುಗಿಸಿ ನೆಡೋರು ಬರ್ತಾರೆ ಅಂತ ಅವನಿಗೆ ಗೊತ್ತಿತ್ತು," ಎಂದಳು ಅವಳು. "ಮನೆಯವರಿಗೂ ಹೇಳಲಿಲ್ಲ. ಬಾಯಿ ಬಿಟ್ಟಿದ್ರೆ ಈ ಹೆಸರೂ ಉಳೀತಿರಲಿಲ್ಲ, ನಾವೂ ಉಳೀತಿರಲಿಲ್ಲ."

ಅಧ್ಯಕ್ಷರು ಬಗ್ಗಿ ಆ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ಲಾರಿಯವನಿಗೆ ಹೊಸ ಕಲ್ಲನ್ನು ವಾಪಸ್ ಒಯ್ಯುವಂತೆ ಕೈ ಬೀಸಿ ಅವಳ ಬಳಿಗೆ ಬಂದರು. "ನೆಡೋದು ನಿನ್ನ ಕೈಯಿಂದಲೇ ಆಗಲಿ, ತಂಗಿ. ಒಂದೇ ಮಾತು. ಆ ಗಾಯದ ಭಾಗಾನ ಕತ್ತರಿಸಿ ಬಿಸಾಕಿಬಿಡು. ನಿಮಗೂ ಅದು ಬೇಡ, ನಮಗೂ ಬೇಡ."

ಅವಳು ಆಗಲೇ ಗುಂಡಿಯ ತಳವನ್ನು ಕೈಯಿಂದ ಸಮ ಮಾಡುತ್ತಿದ್ದಳು.

"ಅದು ಬೇಕು ಅಣ್ಣಾ," ಎಂದಳು. "ಕಲ್ಲು ನಿಲ್ಲೋದು ಅದರ ಮೇಲೇ."