ಚೀಟಿಯಲ್ಲಿದ್ದ ಹೆಸರು

ನುಸಿಗುಳಿಗೆಯ ವಾಸನೆ ಬಂದರೆ ಸಾರಮ್ಮ ಟೀಚರ್‌ಗೆ ಇವತ್ತಿಗೂ ಭಾನುವಾರ ಅನ್ನಿಸುತ್ತದೆ...

ಚಿಕ್ಕಂದಿನಲ್ಲಿ ಅಪ್ಪ ವಾರಕ್ಕೊಮ್ಮೆ ಟ್ರಂಕಿನಿಂದ ಕೋಟು ತೆಗೆದು ತೊಡುತ್ತಿದ್ದರು. ಚರ್ಚಿನ ಬೆಂಚಿನಲ್ಲಿ ಅವರಿಗೆ ಒರಗಿ ಕೂತು, ಆ ವಾಸನೆಯಲ್ಲೇ ಟೀಚರ್ ಪ್ರಾರ್ಥನೆ ಕಲಿತದ್ದು.

ಈಗ ಟೀಚರ್‌ಗೆ ಎಪ್ಪತ್ತೊಂದು. ಅದೇ ಸಣ್ಣ ಊರು, ಅದೇ ಚರ್ಚು. ಗೇಟಿನ ಮೇಲೆ "ಎಲ್ಲರಿಗೂ ಸ್ವಾಗತ" ಎಂಬ ಬೋರ್ಡು. ಯಾರೇ ಬಂದರೂ ಆರಾಧನೆ ಮುಗಿದ ಮೇಲೆ ತಿಂಡಿ, ಬಿಸಿ ಕಾಫಿ...

ಪ್ರಾರ್ಥನಾ ಪೆಟ್ಟಿಗೆಗೆ ಬಿದ್ದ ಚೀಟಿಗಳನ್ನು ಪ್ರತಿ ವಾರ ಓದುವುದು ಟೀಚರ ಕೆಲಸ. ಮೊದಲು ಕಾಯಿಲೆಯವರ ಹೆಸರು, ಆಮೇಲೆ ತೀರಿಹೋದವರ ಹೆಸರು.

ಆ ಭಾನುವಾರ ಕಾಫಿ ಕುಡಿಯುವಾಗ ಸಭಾಪಾಲಕರು ಹತ್ತಿರ ಬಂದರು.

"ಸಿಮಿಯೋನ ಹೋಗ್ಬಿಟ್ರಾ ಟೀಚರಮ್ಮ? ನನಗೆ ಯಾರೂ ಹೇಳ್ಲೇ ಇಲ್ವಲ್ಲ."

"ಅಯ್ಯೋ... ನಿಮಗೆ ಯಾರು ಹೇಳಿದ್ದು?"

"ನೀವೇ ತಾನೇ ಓದಿದ್ದು."

ಟೀಚರ್ ಕಾಫಿ ಲೋಟ ಕೆಳಗಿಟ್ಟರು. ಚೀಟಿ ಹುಡುಕಿ ತೆಗೆದರು. "ಸಿಮಿಯೋನ, ಮೂರನೇ ಅಡ್ಡರಸ್ತೆ. ಜ್ವರ ಇಳಿದಿಲ್ಲ."

ಕಾಯಿಲೆಯವರ ಚೀಟಿ ತೀರಿಹೋದವರ ಚೀಟಿಗಳಲ್ಲಿ ಸೇರಿಹೋಗಿತ್ತು... ಕೆಳಗಿನ ಸಾಲು ನೋಡದೆ ಅವರು ಹೆಸರು, ವಿಳಾಸ ಮಾತ್ರ ಓದಿಬಿಟ್ಟಿದ್ದರು.

ಫೋನ್ ಮಾಡೋಣವೆಂದರೆ ನಂಬರು ಯಾರ ಹತ್ತಿರವೂ ಇಲ್ಲ. ಅಷ್ಟರಲ್ಲಿ ಮಹಿಳಾ ಕೂಟದವರು ಹೊರಟೂ ಆಗಿತ್ತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ... ಕಾಫಿಯ ಜೊತೆಗೆಂದು ಮಾಡಿಸಿದ್ದ ಪಲಾವನ್ನೇ ಡಬ್ಬಿಗಳಿಗೆ ತುಂಬಿಕೊಂಡು, ಹೂವಿನ ಹಾರ ಹಿಡಿದು ಹೋಗಿದ್ದರು.

ಟೀಚರ್ ಓಡಿ ಆಟೋ ಹತ್ತಿದರು.

"ಸ್ವಲ್ಪ ಬೇಗ ಹೋಗಪ್ಪ."

"ಯಾರಾದ್ರೂ ಸೀರಿಯಸ್ಸಾ ಅಮ್ಮ?"

"ಬದುಕಿದ್ದಾರಪ್ಪ... ಅದಕ್ಕೇ ಅವಸರ."

ಕೂತಲ್ಲಿ ಕೂರಲಾಗಲಿಲ್ಲ. ಜ್ವರದಲ್ಲಿ ಮಲಗಿದವನ ಎದುರು ಹಾರ ಹಿಡಿದು ನಿಂತರೆ? ಅವನ ಹೆಂಡತಿ ತಡೆದುಕೊಂಡಾಳೇ? ಅವಳ ಹೆಸರೇನು... ಅದೂ ಗೊತ್ತಿರಲಿಲ್ಲ.

ಮನೆ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಸದ್ದೇ ಇಲ್ಲ.

ಬಾಗಿಲಲ್ಲಿ ಇಣುಕಿದರೆ... ಸಿಮಿಯೋನ ಗೋಡೆಗೆ ದಿಂಬು ಇಟ್ಟು ಕೂತಿದ್ದ. ಸುತ್ತ ತಲೆ ತಗ್ಗಿಸಿದ ಹೆಂಗಸರು. ಒಬ್ಬಾಕೆ ಹಾರವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

"ಬನ್ನಿ ಟೀಚರಮ್ಮ," ಅಂದ ಸಿಮಿಯೋನ. "ನಾನು ಹೋಗಿದ್ದು ಊರಿಗೆಲ್ಲ ಗೊತ್ತಾಗಿದೆ... ನನಗೇ ಲೇಟಾಗಿ ಗೊತ್ತಾಯ್ತು."

ಯಾರೋ ತಡೆಯಲಾರದೆ ನಕ್ಕರು. ಎಲ್ಲರೂ ನಕ್ಕರು. ಟೀಚರ್‌ಗೆ ಮಾತ್ರ ನಗು ಬರಲಿಲ್ಲ.

ಒಳಗೆ ಅಡುಗೆಮನೆಯಲ್ಲಿ ಅವನ ಹೆಂಡತಿ ಅಳುತ್ತಿದ್ದಳು.

ಟೀಚರ್ ಹೋಗಿ ಕೈ ಮುಗಿದರು. "ನನ್ನದೇ ತಪ್ಪಮ್ಮ. ಮನಸ್ಸಿಗೆ ಹಚ್ಕೋಬೇಡ... ಕ್ಷಮಿಸ್ಬಿಡು."

ಅವಳು ತಲೆಯಾಡಿಸಿದಳು.

"ಅದಕ್ಕಲ್ಲಮ್ಮ ನಾನು ಅಳ್ತಿರೋದು... ಈ ಊರಿಗೆ ಬಂದು ನಾಲ್ಕು ತಿಂಗಳಾಯ್ತು. ಇವರು ಮಲಗಿದ ಮೇಲೆ ವಾರವಾರ ಪೆಟ್ಟಿಗೆಗೆ ಚೀಟಿ ಹಾಕಿ ಓಡಿ ಬರ್ತಿದ್ದೆ. ಹಾಲಿನವನು ಬಿಟ್ರೆ ಈ ಬಾಗಿಲಿಗೆ ಯಾರೂ ಬಂದಿರ್ಲಿಲ್ಲ."

ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಇವತ್ತು ನೋಡಿ... ಚಪ್ಪಲಿ ಬಿಡೋಕೂ ಜಾಗ ಇಲ್ಲ."



ಎಂಟು ಭಾನುವಾರ ಸಿಮಿಯೋನನ ಹೆಸರನ್ನು ಓದಿದ್ದು ಟೀಚರೇ. ಎಂಟು ಸಲ ಇಡೀ ಸಭೆ ಕಣ್ಣು ಮುಚ್ಚಿ "ಕರ್ತನೇ, ಕೇಳು" ಎಂದಿತ್ತು. ಕರ್ತನು ಕೇಳಿದನೋ ಏನೋ... ಚೀಟಿಯಲ್ಲಿದ್ದ ವಿಳಾಸವನ್ನು ಇವತ್ತಿನವರೆಗೂ ಇವರು ಯಾರೂ ಕೇಳಿಸಿಕೊಂಡಿರಲಿಲ್ಲ.

ಕಾಯಿಲೆಯೆಂದಾಗ ಬಾರದವರು, ಸತ್ತನೆಂದಾಗ ಅರ್ಧ ಗಂಟೆಯಲ್ಲಿ ಬಂದಿದ್ದರು.

"ನಿನ್ನ ಹೆಸರೇನಮ್ಮ?" ಟೀಚರ್ ಕೊನೆಗೆ ಕೇಳಿದರು.

"ರೂತ್."

"ನಾಳೆ ಬರ್ತೀನಿ ರೂತ್. ನಾಳಿದ್ದೂ ಬರ್ತೀನಿ..." ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತರು.

ರೂತ್ ಅವರ ಮುಖವನ್ನೇ ನೋಡಿದಳು. ಟೀಚರ್ ಬೆಳಿಗ್ಗೆಯಿಂದ ಏನೂ ತಿಂದಂತಿರಲಿಲ್ಲ.

ಕಣ್ಣೊರೆಸಿಕೊಂಡು ಒಂದು ತಟ್ಟೆ ತೊಳೆದಳು. ಡಬ್ಬಿ ತೆರೆದು ಪಲಾವು ಬಡಿಸಿ, ಟೀಚರ ಕೈಗಿಟ್ಟಳು.

🙏

ಒಬ್ಬರ ಹೆಸರು ಹಿಡಿದು ಪ್ರಾರ್ಥಿಸುವ ಕೆಲಸ ಪೂರ್ತಿಯಾಗುವುದು, ಅವರ ಮನೆ ಬಾಗಿಲು ತಟ್ಟಿದಾಗಲೇ.

"ಪಾಪ" ಅಂದು ನೀವು ಮರೆತ ಯಾವುದಾದರೂ ಹೆಸರು ಈಗ ನೆನಪಾಯಿತೇ... ಅವರ ಮನೆ ಇಲ್ಲಿಂದ ಎಷ್ಟು ದೂರ?