ಒಳಗಿನ ಚಿಲಕ

ದೀಪ ಸಣ್ಣದು ಮಾಡಿ ಮಲಗೋಣವೆಂದು ಹೊಸ ಬಾಗಿಲು ಮುಚ್ಚಿದಾಗಲೇ ಗೊತ್ತಾದದ್ದು, ಚಿಲಕ ಹೊರಗಿದೆ ಎಂದು. ಸೊಸೆ ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ಸವರಿ ನೋಡಿದಳು. ನುಣ್ಣಗಿತ್ತು, ಚೆನ್ನಾಗಿತ್ತು, ಆದರೆ ಹಾಕಿಕೊಳ್ಳಲು ಏನೂ ಇರಲಿಲ್ಲ. ಚಿಲಕ ಕೂರಿಸಿದ ಮಹಾನುಭಾವ, ಅಂದರೆ ಅವಳ ಗಂಡ, ಆಗಲೇ ಕಾಲು ಚಾಚಿ ಮಲಗಿದ್ದ. ಬಡಗಿಗೆ ಯಾಕೆ ದಂಡ ತೆರಬೇಕು, ನಾನೇ ಹಾಕ್ತೀನಿ ಎಂದು ಮಧ್ಯಾಹ್ನವೆಲ್ಲ ಬೆವರು ಸುರಿಸಿದವನು ಅವನೇ.

"ಚಿಲಕ ಹೊರಗಡೆ ಹಾಕಿದೀಯಲ್ಲೋ," ಎಂದಳು ಅವನ ತಾಯಿ. "ನಾವೇನು ಕೋಳಿಗಳಾ, ರಾತ್ರಿ ಯಾರಾದ್ರೂ ಬಂದು ಹೊರಗಿಂದ ಮುಚ್ಚಿ ಹೋಗೋಕೆ?"

ಅವನು ಎದ್ದು ಬಂದು ನೋಡಿದ. ತಲೆ ಕೆರೆದುಕೊಂಡ. "ನಾನು ನೋಡಿರೋ ಬಾಗಿಲಿಗೆಲ್ಲಾ ಚಿಲಕ ಹೊರಗೇ ಇತ್ತಮ್ಮಾ," ಎಂದ. ಸುಳ್ಳಲ್ಲ ಬಿಡಿ. ಗೋದಾಮಿನಲ್ಲಿ ಮೂಟೆ ಹೊರುವವನು. ಕಂಡವರ ಬಾಗಿಲ ಮುಂದೆ ನಿಂತು, ಯಾವಾಗ ತೆರೆಯುತ್ತಾರೋ ಎಂದು ಕಾದೇ ಅರ್ಧ ಆಯುಷ್ಯ ಕಳೆದಿದ್ದ. ಸ್ವಂತ ಮನೆಗೆ ಇಷ್ಟು ವರ್ಷ ಒಂದು ಗೋಣಿತಾಟೇ ಬಾಗಿಲಾಗಿತ್ತು. ಅವನ ಪೆಚ್ಚು ಮುಖ ನೋಡಿ ತಾಯಿ ನಗತೊಡಗಿದಳು, ಸೊಸೆಯೂ ನಕ್ಕಳು, ಕೊನೆಗೆ ಅವನೂ ಗೋಡೆ ಹಿಡಿದುಕೊಂಡು ನಕ್ಕ.

ಈ ಮನೆಗೆ ಇಂಥ ನಗು ಬಂದು ಸೇರಿಕೊಂಡದ್ದು ಇತ್ತೀಚೆಗೆ. ಯಾವುದೋ ಸಂಸ್ಥೆಯವರು ತಿಂಗಳು ತಿಂಗಳು ಸೊಸೆಯ ಮೊಬೈಲಿಗೆ ದುಡ್ಡು ಹಾಕುತ್ತಿದ್ದರು. ಸಾಲವಲ್ಲ, ತೀರಿಸಬೇಕಿಲ್ಲ, ಏನು ಮಾಡಿದಿರಿ ಎಂದು ಕೇಳುವವರೂ ಇಲ್ಲ. ಮೊದಲ ಸಲ, ಯಾರದೋ ದುಡ್ಡು ದಾರಿ ತಪ್ಪಿ ಬಂದಿದೆ, ನಾಳೆ ಪೊಲೀಸರು ಬರ್ತಾರೆ ಎಂದು ಹೆದರಿ, ಮೊಬೈಲನ್ನೇ ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟಿದ್ದರು. ಬೀದಿಯ ಅರ್ಧ ಮನೆಗಳಿಗೂ ಬಂದಿದೆ ಎಂದು ತಿಳಿದ ಮೇಲೆ ಧೈರ್ಯ ಬಂತು. ಮನೆಗೆ ಕಾಳುಕಡ್ಡಿ ಬಂತು, ಅತ್ತೆಗೆ ಕನ್ನಡಕ ಬಂತು, ಎರಡು ಮೇಕೆ ಬಂದವು. ಇನ್ನೇನು ತರೋಣ ಎಂದಾಗ ಸೊಸೆ ಬಾಗಿಲು ಎಂದಳು. ಕದಿಯೋಕೆ ನಮ್ಮನೇಲಿ ಏನಿದೆ ಎಂದು ಗಂಡ ಕೇಳಿದ್ದಕ್ಕೆ, "ಯಾಕೆ, ನನ್ನ ನಿದ್ದೆ ಇಲ್ವಾ?" ಎಂದಿದ್ದಳು.

ಅದನ್ನು ಕದಿಯುತ್ತಿದ್ದವನು ಮೇಸ್ತ್ರಿ. ಈರುಳ್ಳಿ ಕೀಳಲು ಆಳು ಕರೆದೊಯ್ಯುವವನು. ಕೋಳಿ ಕೂಗುವ ಮೊದಲೇ ಬಂದು, ಗೋಣಿತಾಟು ಸರಿಸಿ, ತನ್ನ ಮನೆಯೇ ಎಂಬಂತೆ ಒಳಗೆ ನುಗ್ಗಿ, ಮುಖಕ್ಕೆ ಟಾರ್ಚು ಬಿಟ್ಟು, ಕೋಲಿನ ತುದಿಯಿಂದ ಹೊದಿಕೆ ಎಳೆದು "ಏಳೇ" ಎನ್ನುತ್ತಿದ್ದ. ಜ್ವರವಿರಲಿ, ಸೊಂಟನೋವಿರಲಿ, ಬರಲ್ಲ ಎಂದರೆ ಸಂಜೆ ಒಲೆ ಹೊತ್ತುತ್ತಿರಲಿಲ್ಲ. ಈಗ ಒಂದು ದಿನ ಹೋಗದಿದ್ದರೂ ಒಲೆ ಹೊತ್ತುತ್ತಿತ್ತು. ಆದರೆ ಆ ಟಾರ್ಚು ಕಣ್ಣಿಗೆ ಬಿದ್ದರೆ ಸಾಕು, ಅವಳ ಬಾಯಿ ಕಟ್ಟಿಹೋಗಿ ಕಾಲು ತಾನಾಗಿಯೇ ಎದ್ದು ನಡೆಯುತ್ತಿತ್ತು. ಬರ್ತೀನಿ, ಬರಲ್ಲ ಎಂದು ಹೇಳುವವಳು ತಾನಾಗಬೇಕು, ಅವಳಿಗೆ ಬೇಕಿದ್ದದ್ದು ಇಷ್ಟೇ. ಬೆಳಗಾಗುವುದರೊಳಗೆ ಚಿಲಕ ಒಳಗೆ ಬರಲೇಬೇಕಿತ್ತು.

ಸರಿ, ಮೂವರೂ ಟೊಂಕ ಕಟ್ಟಿದರು. ಗಂಡ ಚಾಕುವಿನ ತುದಿಯಿಂದ ಸ್ಕ್ರೂ ಬಿಚ್ಚಿದ. ಅತ್ತೆ ದೀಪ ಹಿಡಿದಳು. ನಗು ತಡೆಯಲಾರದೆ ಅವಳು ಕುಲುಕಿದಂತೆಲ್ಲ ದೀಪ ಅಲುಗಿ, ಮನೆಯ ನೆರಳುಗಳೆಲ್ಲ ಕುಣಿದವು. ಬಿದ್ದುಹೋದ ಒಂದು ಸ್ಕ್ರೂಗಾಗಿ ಮೂವರೂ ಅಂಬೆಗಾಲಿಟ್ಟು ಹುಡುಕುವಾಗ, ಇವರಿಗೆಲ್ಲ ಏನಾಯಿತು ಎಂಬಂತೆ ಮೇಕೆಗಳು ಪಿಳಿಪಿಳಿ ನೋಡಿದವು. ಚಿಲಕ ಕೂತ ಮೇಲೆ ಪರೀಕ್ಷೆ. ಅತ್ತೆ ಹೊರಗೆ ಹೋಗಿ ತಟ್ಟಿದಳು. ಯಾರು ಎಂದಳು ಸೊಸೆ. ನಿಮ್ಮತ್ತೆ ಎಂದು ಉತ್ತರ ಬಂತು. "ಸಾಧ್ಯವೇ ಇಲ್ಲ, ನಮ್ಮತ್ತೆ ಇಷ್ಟು ಮೆತ್ತಗೆ ತಟ್ಟೋರಲ್ಲ," ಎಂದು ಸೊಸೆ ತೆಗೆಯಲೇ ಇಲ್ಲ. ಇನ್ನೊಂದು ದಿನವಾಗಿದ್ದರೆ ಈ ಮಾತಿಗೆ ಮನೆ ಎರಡು ಪಾಲಾಗುತ್ತಿತ್ತು. ಈ ಹೊತ್ತು ಅತ್ತೆ ಹೊರಗೇ ಕುಸಿದು ಕೂತು, ಬಿಕ್ಕಳಿಕೆ ಬರುವವರೆಗೂ ನಕ್ಕಳು.

ನಸುಕಿನಲ್ಲಿ ಮೇಸ್ತ್ರಿ ಬಂದ. ಗೋಣಿತಾಟು ಸರಿಸಲು ಹೋದ ಕೈ ಬಾಗಿಲ ಹಲಗೆಗೆ ಬಡಿದಿರಬೇಕು, ನರಳಿದ್ದು ಕೇಳಿಸಿತು. ದೂಡಿದ. ಭುಜ ಕೊಟ್ಟು ದೂಡಿದ. ಚಿಲಕ ಲಟಲಟ ಅಂದಿತು, ಬಿಡಲಿಲ್ಲ. ಏಳ್ರೇ, ಗಾಡಿ ಹೊರಡುತ್ತೆ ಎಂದು ಗದರಿದ. ಗಂಡ ದಡಬಡಿಸಿ ಎದ್ದ; ಅವಳು ಅವನ ಅಂಗಿ ಹಿಡಿದೆಳೆದು ಕೂರಿಸಿದಳು. ಸಿಟ್ಟಾಗಿ ಮೇಸ್ತ್ರಿ ಇನ್ನು ಮುಂದೆ ಕರೆಯದೇ ಹೋದರೆ? ಹೋಗಲಿ ಬಿಡು ಎಂದುಕೊಂಡಳು. ಹಾಗೆಂದುಕೊಳ್ಳಲು ತನಗೂ ಬರುತ್ತದಲ್ಲ ಎಂದು ತಾನೇ ಬೆರಗಾದಳು. ಆ ಬೆರಗಿನ ಹಿಂದೆಯೇ ಹೊಟ್ಟೆಯ ಆಳದಿಂದ ನಗು ಉಕ್ಕಿಬಂತು. ಪಕ್ಕದಲ್ಲಿ ಅತ್ತೆ ಹೊದಿಕೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಆಗಲೇ ಕುಲುಕುತ್ತಿದ್ದಳು.

ಹೊರಗೆ ಸದ್ದು ಅಡಗಿತು. ಹೋದನೋ ಏನೋ. ಇಲ್ಲ, ಕೆಮ್ಮಿದ. ಆಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಾಗಿಲು ತಟ್ಟಿದ.

"ಅಮ್ಮಾ, ನಾನು, ಮೇಸ್ತ್ರಿ. ಬೀದೀಲಿ ಯಾರೂ ಏಳ್ತಿಲ್ಲ, ಗಾಡಿ ಖಾಲಿ ನಿಂತಿದೆ. ಕೂಲಿ ಎಷ್ಟು ಅಂತ ನೀವೇ ಹೇಳಿ. ಬರ್ತೀರಾ?"

ಗಂಡ ಅವಳನ್ನು ನೋಡಿದ. ಅತ್ತೆ ಹೊಸ ಕನ್ನಡಕ ಏರಿಸಿಕೊಂಡು ಅವಳನ್ನು ನೋಡಿದಳು. ಅವಳು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ಕಣ್ಣು ಅಗಲವಾಗಿ ಬಿಟ್ಟುಕೊಂಡೇ ಹೇಳಿದಳು:

"ಸ್ವಲ್ಪ ಹೊತ್ತು ಕಟ್ಟೆ ಮೇಲೆ ಕೂತಿರಿ ಮೇಸ್ತ್ರಿ. ನಾವಿನ್ನೂ ಎದ್ದಿಲ್ಲ."